ನೆನೆಯದ ಉಪ್ಪಿನ ಚೀಲ

"ಅಕ್ಕೋರ, ಒಬ್ಬರು ಇನ್ನೊಬ್ಬರಿಗೆ ತಪ್ಪು ಕಲಿಸಿಬಿಟ್ಟಾರ ಅನ್ರಿ. ಅದು ತಪ್ಪು ಅಂತ ಪರೀಕ್ಷೆ ಹಿಂದಿನ ದಿನ ಗೊತ್ತಾದ್ರ ಹೇಳಬೇಕೇನ್ರಿ? ಇಲ್ಲಾ, ಕಲಿತವರ ಮನಸ್ಸು ಕಲಕಬಾರದು ಅಂತ ಸುಮ್ಮನ ಇರಬೇಕ್ರಿ?"

ಕೇಳಿದವಳು ದಾಕ್ಷಾಯಣಿ. ದೀಪ ಹಚ್ಚುವ ಹೊತ್ತು. ಅಕ್ಕೋರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಅವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಈಗ ಕಣ್ಣು ಮಸುಕಾಗಿದೆ. ಎದುರಿಗೆ ನಿಂತವರು ಯಾರೆಂದು ದನಿಯಿಂದಲೇ ತಿಳಿದುಕೊಳ್ಳುತ್ತಾರೆ. ವಹಿಯಲ್ಲಿ ಬರೆದದ್ದನ್ನು ಯಾರಾದರೂ ಓದಿ ಹೇಳಿದರೆ ತಪ್ಪು ಎಲ್ಲಿದೆ ಎಂದು ಥಟ್ಟನೆ ಹೇಳಿಬಿಡುತ್ತಾರೆ. ಆದರೆ ಚಿತ್ರವನ್ನು ಓದಿ ಹೇಳಲು ಯಾರಿಗೂ ಬರುವುದಿಲ್ಲ.

ಅವರ ಮನೆಗೆ ಏಳು ಹುಡುಗಿಯರು ಓದಲು ಬರುತ್ತಿದ್ದರು. ಕೆಲವರು ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಫೇಲಾದವರು, ಕೆಲವರು ಮನೆಯ ತೊಂದರೆಗೆ ಶಾಲೆ ಬಿಟ್ಟವರು. ಈಗ ಮತ್ತೆ ಪರೀಕ್ಷೆ ಕಟ್ಟಿದ್ದರು. ಏಳು ಮಂದಿಗೂ ಸೇರಿ ಇದ್ದ ವಿಜ್ಞಾನದ ಪುಸ್ತಕ ಒಂದೇ. ಅದೂ ಯಾರೋ ಓದಿ ಬಿಟ್ಟದ್ದು. ಒಂದು ಪುಸ್ತಕವನ್ನು ಏಳು ಜನ ಒಮ್ಮೆಗೇ ಓದುವುದು ಹೇಗೆ? ಅವರು ಅದರ ಹೊಲಿಗೆ ಬಿಚ್ಚಿದರು. ಪಾಠ ಪಾಠವಾಗಿ ಬೇರೆ ಮಾಡಿ ತಲೆಗೆ ಎರಡರಂತೆ ಹಂಚಿಕೊಂಡರು. ಬೆಳಕು ಒಬ್ಬಳ ಪಾಲಿಗೆ ಬಂತು, ವಿದ್ಯುತ್ತು ಇನ್ನೊಬ್ಬಳ ಪಾಲಿಗೆ, ಆಮ್ಲ ಪ್ರತ್ಯಾಮ್ಲ ಮತ್ತೊಬ್ಬಳ ಪಾಲಿಗೆ. ತನ್ನ ಪಾಲಿನ ಪಾಠವನ್ನು ಓದಿ ಅರಗಿಸಿಕೊಂಡು ಉಳಿದ ಆರು ಮಂದಿಗೆ ಕಲಿಸುವುದು ಆಯಾ ಹುಡುಗಿಯ ಹೊಣೆ. ಒಬ್ಬಳ ಹಾಳೆಗಳನ್ನು ಇನ್ನೊಬ್ಬಳು ತೆಗೆದು ನೋಡುತ್ತಿರಲಿಲ್ಲ. ನೋಡಬೇಕು ಎಂದು ಯಾರಿಗೂ ಅನಿಸಿರಲಿಲ್ಲ.

ದಾಕ್ಷಾಯಣಿ ಎಲ್ಲರಿಗಿಂತ ಚುರುಕು. ಅವಳು ಕಲಿಸಿದರೆ ಗೋಡೆಗೂ ತಿಳಿಯುತ್ತದೆ ಎಂದು ಉಳಿದವರು ಹೇಳುತ್ತಿದ್ದರು. ಅವಳನ್ನು ಸಣ್ಣಕ್ಕೋರು ಎಂದು ಕರೆಯುತ್ತಿದ್ದರು. ಮೊದಲು ತಮಾಷೆಗೆ ಇಟ್ಟ ಹೆಸರು ಅದು, ಆಮೇಲೆ ನಿಜವೇ ಆಯಿತು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಹಿಗ್ಗು.

ಜೀವಕ್ರಿಯೆಗಳ ಪಾಠ ಅವಳ ಪಾಲಿನದು. ಅದರಲ್ಲಿ ಹೃದಯದ ಚಿತ್ರವಿದ್ದ ಹಾಳೆಯೇ ಇರಲಿಲ್ಲ. ಎಂದೋ ಯಾರೋ ಹರಿದುಕೊಂಡಿದ್ದರು. ಹಾಳೆ ಇಲ್ಲ ಎಂದು ಹೇಳಿದ್ದರೆ ಯಾರೂ ಅವಳನ್ನು ನುಂಗುತ್ತಿರಲಿಲ್ಲ. ಎಲ್ಲಾದರೂ ಒಂದು ಪುಸ್ತಕ ಹುಡುಕಿ ತರುತ್ತಿದ್ದರು. ಆದರೆ ಸಣ್ಣಕ್ಕೋರು ಇಲ್ಲ ಎನ್ನುವುದು ಹೇಗೆ? ಅವಳು ಉಳಿದ ಹಾಳೆಗಳಲ್ಲಿದ್ದ ಮಾತುಗಳನ್ನೇ ಓದಿ, ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, ತಾನೇ ಒಂದು ಹೃದಯ ಬರೆದಳು. ತನ್ನ ಎಡಗೈ ಇದ್ದ ಕಡೆಗೆ ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ. ಬಲಗೈ ಇದ್ದ ಕಡೆಗೆ ಬಲದವು. ಚಿತ್ರ ಅಂದವಾಗಿಯೇ ಬಂತು. ಆರು ಮಂದಿ ಅದನ್ನು ನೋಡಿ ಬರೆದರು. ಒಂದು ಸಲವಲ್ಲ, ದಿನಕ್ಕೆರಡು ಸಲದಂತೆ ಒಂದು ತಿಂಗಳು ಬರೆದರು.

ಹುಲಿಗೆವ್ವ ಎಂಬವಳಂತೂ ಕಣ್ಣು ಮುಚ್ಚಿಕೊಂಡೇ ಬರೆಯಬಲ್ಲವಳಾದಳು. ಹುಲಿಗೆವ್ವ ಬೆಳಿಗ್ಗೆ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿದು ಆಮೇಲೆ ಓದಲು ಬರುತ್ತಿದ್ದಳು. ಎರಡು ಸಲ ಫೇಲಾಗಿದ್ದಳು. ಇದು ಮೂರನೆಯದು. ಇದೂ ಹೋದರೆ ಮತ್ತೆ ಕಟ್ಟುವುದಿಲ್ಲ ಎಂದು ಮನೆಯಲ್ಲಿ ಒಪ್ಪಿಕೊಂಡು ಬಂದಿದ್ದಳು. ಪಾಸಾದರೆ ದಾದಿಯ ಕೆಲಸ ಕಲಿಯಬೇಕೆಂಬ ಆಸೆ. ಸಮೀಕರಣ ಅವಳಿಗೆ ಹತ್ತುತ್ತಿರಲಿಲ್ಲ, ಲೆಕ್ಕ ಕೈಕೊಡುತ್ತಿತ್ತು. ಚಿತ್ರಗಳು ಮಾತ್ರ ತನ್ನನ್ನು ದಡ ಸೇರಿಸುತ್ತವೆ ಎಂದು ನೆಚ್ಚಿಕೊಂಡಿದ್ದಳು. ಅದರಲ್ಲೂ ಹೃದಯ.

ಈ ದಿನ ಬೆಳಿಗ್ಗೆ ದಾಕ್ಷಾಯಣಿ ಯಾರಿಗೆ ಯಾವ ಕೋಣೆ ಎಂದು ನೋಡಿಕೊಂಡು ಬರಲು ಪರೀಕ್ಷೆ ನಡೆಯುವ ಶಾಲೆಗೆ ಹೋಗಿದ್ದಳು. ಅಲ್ಲಿ ಗೋಡೆಯ ಮೇಲೆ ಹೃದಯದ ದೊಡ್ಡ ಚಿತ್ರಪಟ ತೂಗುಹಾಕಿದ್ದರು. ಅದರಲ್ಲಿ ಎಡದ್ದೆಲ್ಲ ಬಲಗಡೆ, ಬಲದ್ದೆಲ್ಲ ಎಡಗಡೆ. ಮೊದಲು ಪಟವೇ ತಪ್ಪೆಂದುಕೊಂಡಳು. ಆಮೇಲೆ ತಿಳಿಯಿತು. ಪಟದಲ್ಲಿರುವ ಹೃದಯ ಎದುರಿಗೆ ಕುಳಿತ ಮನುಷ್ಯನದು. ಅವನ ಎಡ ನಮ್ಮ ಬಲಕ್ಕೆ ಬರುತ್ತದೆ. 

ಮಧ್ಯಾಹ್ನ ಎಲ್ಲರೂ ಊಟಕ್ಕೆ ಮನೆಗೆ ಹೋದಾಗ ಅವಳು ಪಡಸಾಲೆಯ ಮೂಲೆಯಲ್ಲಿ ಕುಳಿತು ತನ್ನ ವಹಿಯ ಚಿತ್ರವನ್ನು ರಬ್ಬರಿನಿಂದ ಉಜ್ಜಿ ತೆಗೆದಳು. ಸರಿಯಾದದ್ದನ್ನು ಹೊಸದಾಗಿ ಬರೆದಳು. ಅಕ್ಕೋರು ಒಳಕೋಣೆಯಲ್ಲಿ ಮಲಗಿದ್ದರು. ಉಳಿದವರು ಊಟ ಮುಗಿಸಿ ಬಂದರು. ಅವಳು ಯಾರಿಗೂ ಏನೂ ಹೇಳಲಿಲ್ಲ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಹುಲಿಗೆವ್ವನ ಮುಖ ನೋಡಿ, ಈಗ ಹೇಳಿದರೆ ಇವಳಿಗೆ ಬರುವುದೂ ಮರೆತುಹೋದೀತು ಎಂದುಕೊಂಡಳು. ಹಾಗೆ ಅಂದುಕೊಂಡಾಗ ಮನಸ್ಸಿಗೆ ಒಂದಿಷ್ಟು ಹಗುರವೆನಿಸಿತು. ಹಗುರ ಬಹಳ ಹೊತ್ತು ಉಳಿಯಲಿಲ್ಲ. ಅದಕ್ಕೇ ಸಂಜೆ ಅಕ್ಕೋರ ಬಳಿಗೆ ಬಂದು ಹೀಗೆ ಯಾರದೋ ಮಾತೆಂಬಂತೆ ಕೇಳಿದ್ದಳು.

"ಕುಂದರು ತಂಗಿ," ಎಂದರು ಅಕ್ಕೋರು. ಆಮೇಲೆ ಒಂದು ಕತೆ ಹೇಳಿದರು.

ಹಿಂದೆ ವ್ಯಾಪಾರಿಗಳು ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಊರಿಂದೂರಿಗೆ ಹೋಗುತ್ತಿದ್ದರು. ಹಾಗೆ ಹನ್ನೆರಡು ಮಂದಿಯ ಒಂದು ತಂಡವಿತ್ತು. ಒಬ್ಬೊಬ್ಬನಿಗೂ ಒಂದೊಂದು ಎತ್ತು. ಎತ್ತಿಗೆ ಆಚೆ ಒಂದು ಈಚೆ ಒಂದು, ಎರಡು ಚೀಲ. ತಂಡಕ್ಕೊಬ್ಬ ಮುಂದಾಳು.

ಅವರ ದಾರಿಯಲ್ಲಿ ಒಂದು ಹೊಳೆ. ಹೊಳೆಯ ತಳದಲ್ಲಿ ಈ ದಡದಿಂದ ಆ ದಡದವರೆಗೆ ಒಂದು ಬಂಡೆ ಹಾಸಿತ್ತು. ಬಂಡೆಯ ಮೇಲೆ ನಡೆದರೆ ನೀರು ಮೊಣಕಾಲಿಗೆ. ಅದರಿಂದ ಹರಿವಿನ ಕಡೆ ಕೆಳಕ್ಕೆ ಜರುಗಿದರೆ ಮಡು, ಎತ್ತು ಮುಳುಗುವಷ್ಟು ನೀರು. ಹೊಳೆ ಕೆಂಪಾಗಿ ಹರಿಯುವಾಗ ಬಂಡೆ ಕಾಣುವುದಿಲ್ಲ. ಆದ್ದರಿಂದ ತಂಡದಲ್ಲಿ ಒಂದು ಕ್ರಮವಿತ್ತು. ಸಂಜೆ ಮುಂದಾಳು ಒಬ್ಬನೇ ಕೋಲು ಊರುತ್ತ ಬಂಡೆ ಹುಡುಕಿಕೊಂಡು ಹೊಳೆ ದಾಟುವನು. ಆಚೆ ದಡದಲ್ಲಿ ಬಂಡೆ ಮುಗಿಯುವ ಕಡೆ ಒಂದು ಗಳ ನೆಟ್ಟು, ಅದಕ್ಕೆ ಕೆಂಪು ಬಟ್ಟೆ ಕಟ್ಟಿ, ಹಿಂತಿರುಗಿ ಬರುವನು. ಬೆಳಿಗ್ಗೆ ಉಳಿದವರು ಒಬ್ಬರ ಹಿಂದೊಬ್ಬರು, ನೀರು ನೋಡದೆ, ಆ ಬಟ್ಟೆಯನ್ನೇ ನೋಡುತ್ತ ನಡೆಯುವರು. ಯಾರೂ ಹಿಂದೆ ಉಳಿಯಬಾರದೆಂದು ಮುಂದಾಳು ಎಲ್ಲರಿಗಿಂತ ಕೊನೆಗೆ ದಾಟುವನು.

ಒಂದು ಸಲ ಆಚೆ ದಡ ಕೆಸರಾಗಿತ್ತು. ಬಂಡೆ ಮುಗಿಯುವ ಕಡೆ ಗಳ ನಿಲ್ಲಲಿಲ್ಲ. ಮುಂದಾಳು ಸ್ವಲ್ಪ ಕೆಳಗೆ, ಗಟ್ಟಿ ನೆಲದಲ್ಲಿ ಅದನ್ನು ನೆಟ್ಟ. ಸ್ವಲ್ಪ ಆಚೆ ತಾನೆ ಎಂದುಕೊಂಡ. ಈಚೆ ದಡಕ್ಕೆ ಬಂದು ತಿರುಗಿ ನೋಡಿದಾಗ ತಪ್ಪು ಕಣ್ಣಿಗೆ ಬಿತ್ತು. ಬಟ್ಟೆಯನ್ನು ನೋಡಿಕೊಂಡು ನೇರ ನಡೆದರೆ ಕಾಲು ಇಳಿಯುವುದು ಮಡುವಿಗೆ.

ಅಷ್ಟರಲ್ಲಿ ಎಲ್ಲರೂ ದಡಕ್ಕೆ ಬಂದಿದ್ದರು. ಬಟ್ಟೆ ಎಲ್ಲಿದೆ ಎಂದು ನೋಡಿ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅವರಲ್ಲಿ ವಯಸ್ಸಾದ ಒಬ್ಬ ವ್ಯಾಪಾರಿ ಇದ್ದ. ಮುಂದಿನ ವರ್ಷ ಈ ದಾರಿ ನಡೆಯುವ ಶಕ್ತಿ ತನಗಿರದು ಎಂದು ಅವನಿಗೆ ಗೊತ್ತಿತ್ತು. ಅವನಿಗೆ ಅದು ಕೊನೆಯ ಹೇರು. ಅವನು ಕೇಳಿದ, "ಆ ಕೆಂಪು ಬಟ್ಟೆ ನೋಡಿಕೊಂಡು ನಡೆದರೆ ಸಾಕಲ್ಲವೇನಪ್ಪ?"

ಮುಂದಾಳು, "ಸಾಕು," ಎಂದ.

ಇಲ್ಲಿಗೆ ಅಕ್ಕೋರು ಕತೆ ನಿಲ್ಲಿಸಿ ನೀರು ಕುಡಿದರು. ಹೊರಗೆ ಅಂಗಳದಲ್ಲಿ ಆರು ಹುಡುಗಿಯರು ಕೊನೆಯ ಸಲ ಎಲ್ಲವನ್ನೂ ತಿರುವಿ ಹಾಕುತ್ತಿದ್ದರು. ಹುಲಿಗೆವ್ವನ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. "ಎಡಗೈ ಕಡೆ ಎಡ ಹೃತ್ಕರ್ಣ, ಅದರ ಕೆಳಗ ಎಡ ಹೃತ್ಕುಕ್ಷಿ." ಉಳಿದವರು ಅದನ್ನೇ ಹೇಳಿದರು. ದಾಕ್ಷಾಯಣಿ ತಲೆ ತಗ್ಗಿಸಿದಳು. ಅಕ್ಕೋರು ಲೋಟ ಕೆಳಗಿಟ್ಟು ಮುಂದುವರಿಸಿದರು.

ಮುಂದಾಳು ಕೆಟ್ಟವನಲ್ಲ. ಅವನಿಗೆ ನಿದ್ದೆ ಹತ್ತಲಿಲ್ಲ. ಎದ್ದು ಹೋಗಿ ಗಳ ಕಿತ್ತು ಬೇರೆ ಕಡೆ ನೆಡಬಹುದಿತ್ತು. ಆದರೆ ಬೆಳಿಗ್ಗೆ ಬಟ್ಟೆ ಬೇರೆ ಜಾಗದಲ್ಲಿ ಕಂಡರೆ ಎಲ್ಲರೂ ಏಕೆ ಎಂದು ಕೇಳುತ್ತಾರೆ. ತಪ್ಪಿ ನೆಟ್ಟಿದ್ದೆ ಎನ್ನಬೇಕಾಗುತ್ತದೆ. ಆಮೇಲೆ ಅವರಿಗೆ ಯಾವ ಗುರುತಿನಲ್ಲೂ ನಂಬಿಕೆ ಉಳಿಯುವುದಿಲ್ಲ. ನಂಬಿಕೆಯಿಲ್ಲದೆ ನೀರಿಗಿಳಿದರೆ ಕೈ ನಡುಗುತ್ತದೆ, ಹಿಡಿದವನ ಕೈ ನಡುಗಿದರೆ ಎತ್ತು ಬೆದರುತ್ತದೆ. ನೀರಿಗಿಂತ ಹೆದರಿಕೆಯೇ ಹೆಚ್ಚು ಅಪಾಯ. ಇವರನ್ನು ಈಗ ಕಲಕಬಾರದು. ಹೀಗೆಲ್ಲ ಯೋಚಿಸಿ ಅವನು ಸುಮ್ಮನಿದ್ದ. ತಾನು ಸುಮ್ಮನಿರುವುದು ಅವರ ಮೇಲಿನ ಕರುಣೆಯಿಂದ ಎಂದೇ ಅವನು ನಂಬಿದ.

ಬೆಳಗಾಯಿತು. ಹನ್ನೊಂದು ಮಂದಿ ಎತ್ತುಗಳನ್ನು ಹಿಡಿದು ಸಾಲಾಗಿ ನೀರಿಗಿಳಿದರು. ಎಲ್ಲರ ಕಣ್ಣೂ ಕೆಂಪು ಬಟ್ಟೆಯ ಮೇಲೆ. ಹೊಳೆಯ ನಡುವೆ ಮೊದಲ ಎತ್ತಿನ ಕಾಲು ತಪ್ಪಿತು, ಅದರ ಹಿಂದೆ ಎರಡನೆಯದರದು. ಹಿಂದಿನವರು ನಿಲ್ಲಬೇಕೆಂದರೂ ಸೆಳೆತ ನಿಲ್ಲಗೊಡಲಿಲ್ಲ. ಹಗ್ಗ ಕೊಯ್ದು ಹೇರು ಬಿಟ್ಟರು. ಎತ್ತುಗಳು ಈಜಿದವು, ಮನುಷ್ಯರು ಅವುಗಳ ಬಾಲ ಹಿಡಿದು ಹೇಗೋ ದಡ ಸೇರಿದರು. ಜೀವ ಉಳಿಯಿತು. ಕೈಗೆ ಸಿಕ್ಕ ನಾಲ್ಕಾರು ಚೀಲಗಳನ್ನು ಬಿಚ್ಚಿ ನೋಡಿದರೆ ಒಳಗೆ ಉಪ್ಪಿರಲಿಲ್ಲ, ನೀರಿತ್ತು.

ಯಾರೂ ಮುಂದಾಳನ್ನು ಬೈಯಲಿಲ್ಲ. ಹೊಳೆಯನ್ನು ಬೈದರು, ತಮ್ಮ ಹಣೆಬರಹವನ್ನು ಬೈದರು. ಮುದುಕ ವ್ಯಾಪಾರಿ ಮಾತ್ರ ರುಮಾಲು ಬಿಚ್ಚಿ ಹಿಂಡುತ್ತ ಕುಳಿತ.

ಅಷ್ಟು ಹೊತ್ತಿಗೆ ಮುಂದಾಳು ದಾಟಿ ಬಂದ. ಕ್ರಮದಂತೆ ಎಲ್ಲರಿಗಿಂತ ಕೊನೆಗೆ ಬಂದ. ನಿಮ್ಮೆಲ್ಲರ ಗತಿ ಹೀಗಾಯಿತಲ್ಲ ಎಂದು ಅತ್ತ. ಅಳು ಸುಳ್ಳಲ್ಲ, ನಿಜವಾಗಿಯೂ ಅತ್ತ. ಮುದುಕ ಎದ್ದು ಬಂದು ಅವನ ಎತ್ತಿನ ಬೆನ್ನು ಸವರಿದ. ಆಚೆಯ ಚೀಲ ಮುಟ್ಟಿದ, ಈಚೆಯ ಚೀಲ ಮುಟ್ಟಿದ.

"ನಿನ್ನ ಚೀಲ ನೆನೆದಿಲ್ಲವಲ್ಲ," ಎಂದ.

ಮುಂದಾಳು ಬಾಯಿಗೆ ಬಂದದ್ದನ್ನು ಹೇಳಿದ. "ಎತ್ತು ತಾನೇ ದಾರಿ ಹುಡುಕಿಕೊಂಡಿತು."

ಮುದುಕ ಖಾಲಿ ಎತ್ತನ್ನು ಹೊಡೆದುಕೊಂಡು ಬಂದ ದಾರಿ ಬಿಟ್ಟು ಬೇರೆ ದಾರಿ ಹಿಡಿದ.

ಕತೆ ಮುಗಿಯಿತು. ಅಂಗಳದಲ್ಲಿ ಹುಡುಗಿಯರು ಬಾಯಿಪಾಠ ನಿಲ್ಲಿಸಿ ಚಿತ್ರ ಬರೆಯಲು ಕುಳಿತಿದ್ದರು. ಪೆನ್ಸಿಲ್ಲುಗಳ ಸಣ್ಣ ಸಪ್ಪಳ ಕೇಳುತ್ತಿತ್ತು.

ದಾಕ್ಷಾಯಣಿಗೆ ಆ ಮುಂದಾಳಿನ ಮೇಲೆ ಕನಿಕರ ಬಂತು. ಯಾರಾದರೊಬ್ಬರು ಅವನ ಪರವಾಗಿ ಒಂದು ಮಾತಾಡಬೇಕು ಅನಿಸಿತು. ಹೇಳಿದಳು.

"ಅವ ಹೆದರಿದ್ದು ಖರೆ ಇರಬಹುದ್ರಿ. ಆದ್ರ ಅವರ ಒಳ್ಳೇದಕ್ಕ ಅಂತನ ಸುಮ್ಮನಿದ್ದನಲ್ರಿ, ಅಕ್ಕೋರ?"

ಅಕ್ಕೋರು ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಕೈ ಚಾಚಿ ಅವಳ ತಲೆ ಸವರಿದರು. ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು:

"ಮಧ್ಯಾಹ್ನ ರಬ್ಬರ್ ಉಜ್ಜೋ ಸಪ್ಪಳ ಒಂದ ವಹಿದು ಮಾತ್ರ ಕೇಳಿತಲ್ಲ, ತಂಗಿ."

ದಾಕ್ಷಾಯಣಿ ರಬ್ಬರು ಹಿಡಿದುಕೊಂಡು ಎದ್ದು, ಅಂಗಳದ ಕಡೆಗೆ ನಡೆದಳು.