ಚರಂಡಿಗೆ ಏಳು, ತಂಬಿಗೆಗೆ ಹನ್ನೊಂದು

ಬಣ್ಣದ ಕಾರ್ಖಾನೆಯ ಹುಳಿನೀರು ಅಲ್ಲೇ ಫಿಟ್ಟರ್ ಆಗಿದ್ದ ದ್ಯಾಮಣ್ಣನ ಕೇರಿಯ ಕೆರೆಗೇ ಬಂದು ಬೀಳುತ್ತಿತ್ತು. ನೀರಿನ ಹುಳಿ ಅಳೆಯಲು ಸರ್ಕಾರದ ಒತ್ತಾಯಕ್ಕೆ ಸೆನ್ಸರ್ ಇರುವ ಹೊಸ ಮೀಟರು ಬಂತು, ಜೋಡಿಸುವ ಕೆಲಸ ಅವನಿಗೇ ಬಿತ್ತು.

"ಒಳ್ಳೆ ನೀರಿಗೆ ಏಳು ತೋರಿಸುತ್ತಂತೆ, ಹುಳಿಗೆ ಕಡಿಮೆ, ಸುಣ್ಣಕ್ಕೆ ಜಾಸ್ತಿ. ನಮ್ಮ ಚರಂಡಿ ನೀರೇ ಏಳು ಅಂತ ಅದಕ್ಕೆ ಕಲಿಸು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ," ಎಂದರು ಮ್ಯಾನೇಜರು.

"ಅಪ್ಪಣೆ ಸಾಹೇಬ್ರೇ," ಅಂದವನೇ ದ್ಯಾಮಣ್ಣ ಸೆನ್ಸರನ್ನು ಚರಂಡಿಗಿಳಿಸಿ, ಮೂರು ತೋರಿಸುತ್ತಿದ್ದ ಮೀಟರನ್ನು ಏಳಕ್ಕೇ ಕೂರಿಸಿದ.

ತಪಾಸಣೆಗೆ ಸರ್ಕಾರದ ಇನ್ಸ್ಪೆಕ್ಟರ್ ಮೇಡಂ ಬಂದರು. "ನೋಡಿ, ಏಳು! ಅಮೃತ!" ಎಂದು ಮ್ಯಾನೇಜರು ಬೀಗಿದರು.

"ಸೆನ್ಸರ್ ತೊಳೀತೀನಿ ಮೇಡಂ," ಎಂದು ದ್ಯಾಮಣ್ಣ ಅದನ್ನು ಮ್ಯಾನೇಜರು ಕುಡಿಯುವ ನೀರಿನ ತಂಬಿಗೆಗೇ ಅದ್ದಿದ. ಮೀಟರು ಹನ್ನೊಂದಕ್ಕೆ ಹಾರಿತು!

"ಅಯ್ಯಯ್ಯೋ, ಸುಣ್ಣದ ನೀರು ಕುಡೀತಿದ್ದೀರಾ ಸಾಹೇಬ್ರೇ? ಚೆಲ್ಲಿಬಿಡಿ. ಚರಂಡಿದು ತುಂಬಿಸಿ ತರಲಾ?"

ಮ್ಯಾನೇಜರು ತಂಬಿಗೆ ಎದೆಗವಚಿಕೊಂಡು ಕಿರುಚಿದರು: "ಇದು ಒಳ್ಳೆ ನೀರು ಕಣಯ್ಯಾ! ನಿನ್ನ ಮೀಟರೇ ಸುಳ್ಳು!"

"ಬರಕೊಳ್ಳಿ ಮೇಡಂ," ಎಂದ ದ್ಯಾಮಣ್ಣ. "ನಾನು ಹೇಳಿದ್ರೆ ಯಾರು ನಂಬ್ತಿದ್ರು?"