ಸೋಸುಗಲ್ಲು

೧೯೮೭ನೆಯ ಇಸವಿಯ ಫೆಬ್ರವರಿ ಹನ್ನೊಂದು, ಬುಧವಾರ. ಮೋಡವಿರಲಿಲ್ಲ, ಗಾಳಿಯೂ ಬೀಸುತ್ತಿರಲಿಲ್ಲ. ಬೆಳಗಿನ ಹತ್ತು ಗಂಟೆಗೇ ಬಂಡೆ ಕಾದು ಬರಿಗಾಲಿಗೆ ಚುರುಕೆನ್ನುತ್ತಿತ್ತು. ಮುತ್ತುಗದಹಳ್ಳಿಯ ಬಸದಿಯ ಅರ್ಚಕರಾದ ಧರಣಯ್ಯನವರು, ಶಾಸನ ನೋಡಲೆಂದು ಕಾಲೇಜಿನಿಂದ ಬಂದಿದ್ದ ಕಾತ್ಯಾಯಿನಿ ಎಂಬ ಅಧ್ಯಾಪಕಿಯನ್ನು ಕರೆದುಕೊಂಡು ಸೋಸುಗಲ್ಲಿನ ಗುಡ್ಡ ಹತ್ತಿದರು. ಗುಡ್ಡದ ಬುಡದಲ್ಲಿ ಒಂದು ಕೊಳವಿದೆ. ಅಲ್ಲಿಂದ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಮೇಲಿನ ಕಣಿವೆಯವರೆಗೆ ಹೋಗುತ್ತವೆ. ಹಿಂದೆ ಎತ್ತಿನ ಮೇಲೆ ಉಪ್ಪು, ಮೆಣಸು ಹೇರಿಕೊಂಡು ಬಿದರೆಗೆರೆಯ ಕಡೆಗೆ ಹೋಗುವವರೆಲ್ಲ ಈ ಕಣಿವೆಯನ್ನೇ ದಾಟಬೇಕಿತ್ತು; ಗುಡ್ಡವನ್ನು ಬಳಸಿಕೊಂಡು ಟಾರು ರಸ್ತೆ ಆದಮೇಲೆ ಇತ್ತ ಕುರಿಯವರು ಬಿಟ್ಟರೆ ಯಾರೂ ಬರುವುದಿಲ್ಲ. ಕಣಿವೆಯ ಎಡಕ್ಕೆ ಹನ್ನೊಂದು ನಿಸಿಧಿಗಲ್ಲುಗಳು ಸಾಲಾಗಿ ನಿಂತಿವೆ. ಬದುಕಿನ ಕೊನೆ ಹತ್ತಿರವಾದಾಗ ಗುರುವಿನ ಒಪ್ಪಿಗೆ ಪಡೆದು, ಅನ್ನನೀರು ಬಿಟ್ಟು, ಶಾಂತವಾಗಿ ದೇಹ ತೊರೆಯುವ ಸಲ್ಲೇಖನ ವ್ರತ ಮಾಡಿದವರ ಕಲ್ಲುಗಳು ಅವು. ಬಲಕ್ಕೆ, ಸೊಂಟದೆತ್ತರದ ಒಂದು ಚಪ್ಪಟೆ ಬಂಡೆ. ಅದೇ ಸೋಸುಗಲ್ಲು. ಅಕ್ಷರವಿರುವ ಹನ್ನೊಂದು ಕಲ್ಲುಗಳನ್ನು ಬಿಟ್ಟು ಗುಡ್ಡಕ್ಕೆ ಈ ಬಂಡೆಯ ಹೆಸರೇಕೆ ಬಂತೆಂದು ಕಾತ್ಯಾಯಿನಿ ಕೇಳಿದಾಗ, ಧರಣಯ್ಯನವರು ನೆರಳು ನೋಡಿಕೊಂಡು ಕುಳಿತರು. ಅವರು ಹೇಳಿದ್ದು ಇದು.

ಹಿಂದೆ ಒಮ್ಮೆ, ಈ ಸೀಮೆಯನ್ನು ಆಳುತ್ತಿದ್ದವರು ಯಾರೆಂದು ಈಗ ಯಾರೂ ಖಚಿತವಾಗಿ ಹೇಳಲಾರದಷ್ಟು ಹಿಂದೆ, ಮುತ್ತುಗದಹಳ್ಳಿಯಲ್ಲಿ ಬಟ್ಟೆ ವ್ಯಾಪಾರದ ಒಂದು ಜೈನ ಮನೆತನವಿತ್ತು. ಅಣ್ಣತಮ್ಮ ಇಬ್ಬರೂ ಒಂದೇ ಮನೆಯಲ್ಲಿದ್ದರು. ಒಂದು ಆಷಾಢದಲ್ಲಿ ಊರಿಗೆ ಬಂದ ಜ್ವರ ಅಣ್ಣನನ್ನೂ ಅವನ ಇಬ್ಬರು ಮಕ್ಕಳನ್ನೂ ಒಂಬತ್ತು ದಿನಗಳಲ್ಲಿ ಕೊಂಡೊಯ್ದಿತು. ಉಳಿದವಳು ಅವನ ಹೆಂಡತಿ. ವಯಸ್ಸು ಇನ್ನೂ ನಲವತ್ತು ದಾಟಿರಲಿಲ್ಲ. ಮೈದುನ ಮಾರಿಸೆಟ್ಟಿ ಕೆಟ್ಟವನಲ್ಲ. ಅತ್ತಿಗೆಗೆ ಊಟಕ್ಕಾಗಲಿ ಉಡುವುದಕ್ಕಾಗಲಿ ಕಡಿಮೆ ಮಾಡಲಿಲ್ಲ. ಆದರೆ ಆ ಮನೆಯಲ್ಲಿ ಸತ್ತ ಮಕ್ಕಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಅವಳಿಗೆ ನೋವಾದೀತೆಂದು ಮೊದಮೊದಲು ಸುಮ್ಮನಿದ್ದರು. ಬರಬರುತ್ತ ಸುಮ್ಮನಿರುವುದೇ ರೂಢಿಯಾಯಿತು. ಹೊತ್ತು ಮುಳುಗುವ ಮುಂಚೆ ಎಲ್ಲರೂ ಉಂಡು ಎದ್ದ ಮೇಲೆ ಅವಳು ಹಿತ್ತಿಲ ಬಾಗಿಲಲ್ಲಿ ಕುಳಿತು ಆ ಎರಡು ಹೆಸರುಗಳನ್ನು ತಾನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು ಎನ್ನುತ್ತಾರೆ. ಕೂಗಿ ಕರೆದ ಹಾಗಲ್ಲ, ಮರೆತುಹೋಗದಿರಲಿ ಎಂದು.

ಆಗ ಗುಡ್ಡದ ಮೇಲೆ ಅಭಯನಂದಿ ಮುನಿಗಳು ಸಲ್ಲೇಖನದಲ್ಲಿದ್ದರು. ತುಂಬ ವಯಸ್ಸಾದವರು, ಕಣ್ಣು ಕಾಣದಾದವರು. ಅವಳು ದಿನವೂ ಹೋಗಿ ದೂರದಲ್ಲಿ ಕೂರುತ್ತಿದ್ದಳು. ಅಲ್ಲಿ ಯಾರೂ ಅವಳನ್ನು ಸಮಾಧಾನ ಮಾಡುತ್ತಿರಲಿಲ್ಲ, ಅದೇ ಅವಳಿಗೆ ಸಮಾಧಾನವಾಗಿತ್ತು. ಒಂದು ದಿನ ಹತ್ತಿರ ಹೋಗಿ, ತನಗೂ ವ್ರತ ಕೊಡಬೇಕೆಂದು ಕೇಳಿದಳು. ಮಾತು ನಿಂತುಹೋಗಿದ್ದ ಮುನಿಗಳು ಬಲಗೈಯನ್ನು ನೆಲದಿಂದ ಒಂದು ಗೇಣು ಎತ್ತಿ ಇಳಿಸಿದರು. ಮರುದಿನ ಅವರು ತೀರಿಕೊಂಡರು. ತಿಂಗಳೊಪ್ಪತ್ತಿನಲ್ಲಿ ಅವರ ಕಲ್ಲು ನಿಂತಿತು. ಅವರ ಹೆಸರು, ಅವರ ಗುರುವಿನ ಹೆಸರು, ಹುಟ್ಟಿದ ಊರು, ತಂದೆತಾಯಿ, ಎಲ್ಲವನ್ನೂ ಅದರಲ್ಲಿ ಬರೆದಿದ್ದರು. ಗಂಡನ ಅಂಗಡಿಯ ಕಾಲದಿಂದ ಅಕ್ಷರ ಬಲ್ಲವಳಾಗಿದ್ದ ಅವಳು ಅದನ್ನು ನಿಂತು ಓದಿದಳು. ತನ್ನ ಕಲ್ಲಿನ ಮೇಲೂ ಇಂಥವನ ಹೆಂಡತಿ, ಇಂಥವರ ತಾಯಿ ಎಂದು ಬರೆಯುತ್ತಾರೆ. ಆಗ ಮಕ್ಕಳ ಹೆಸರು ಮಳೆಗೂ ಬಿಸಿಲಿಗೂ ಹೋಗದ ಹಾಗೆ ಒಂದು ಕಡೆ ಇರುತ್ತದೆ. ಅಂದಿನಿಂದ ಅವಳಿಗೆ ಬೇರೇನೂ ಬೇಡವಾಯಿತು. ಮುನಿಗಳು ಕೈ ಎತ್ತಿ ಒಪ್ಪಿಗೆ ಕೊಟ್ಟರೆಂಬ ಸುದ್ದಿ ಊರಲ್ಲಿ ಹರಡಿತು. ಬೀದಿಯಲ್ಲಿ ಹೆಂಗಸರು ಬಂದು ಕಾಲು ಮುಟ್ಟಿ ನಮಸ್ಕರಿಸಿದರು. ಮಾರಿಸೆಟ್ಟಿ ಕಲ್ಲುಕುಟಿಗನಿಗೆ ಹೇಳಿಕಳಿಸಿದ.

ಆದರೆ ವ್ರತ ಕೊಡಬೇಕಾದವರು ಸಂಘದ ಹಿರಿಯರಾಗಿ ನಿಂತ ಮುನಿಗಳು. ಅಭಯನಂದಿಗಳ ನಂತರ ಆ ಭಾರ ಬಿದ್ದದ್ದು ಕುಮುದಸೇನರ ಮೇಲೆ. ಅವರು ಇದೇ ಊರಿನವರು. ದೀಕ್ಷೆಗೆ ಮುಂಚೆ, ಚಿಕ್ಕಂದಿನಲ್ಲಿ, ಅವಳ ಗಂಡನ ಅಂಗಡಿಯ ಬಟ್ಟೆಮೂಟೆಗಳ ಹಿಂದೆ ಅಡಗಿಕೊಂಡು ಬೈಸಿಕೊಂಡವರು. ಅವಳಿಗಿಂತ ಹತ್ತು ವರ್ಷಕ್ಕೆ ಚಿಕ್ಕವರು. ಮಳೆಗಾಲದ ನಾಲ್ಕು ತಿಂಗಳು ನಿಲ್ಲಲು ಅವರು ಗುಡ್ಡಕ್ಕೆ ಬಂದಾಗ ಅವಳು ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು, ಊರವರೊಂದಿಗೆ ಮೆಟ್ಟಿಲು ಹತ್ತಿದಳು. ನಮೋಸ್ತು ಎಂದು ಬಾಗಿ, ಅಭಯನಂದಿಗಳು ಕೊಟ್ಟ ಒಪ್ಪಿಗೆಯನ್ನು ನಡೆಸಿಕೊಡಬೇಕೆಂದು ಕೇಳಿಕೊಂಡಳು. ಕುಮುದಸೇನರು ಅವಳ ಹಲ್ಲು, ಕಣ್ಣು, ಕೈಕಾಲು ಸರಿಯಾಗಿವೆಯೇ ಎಂದು ವಿಚಾರಿಸಿದರು. ಎಲ್ಲವೂ ಸರಿಯಾಗಿದ್ದವು.

“ತಾಯಿ, ನಿಮ್ಮ ದೇಹಕ್ಕೆ ಮುಪ್ಪು ಬಂದಿಲ್ಲ, ತೀರದ ಕಾಯಿಲೆಯೂ ಇಲ್ಲ. ದುಃಖಕ್ಕೆ ಈ ವ್ರತ ಕೊಡುವ ಕ್ರಮವಿಲ್ಲ” ಎಂದರು.

“ಅಭಯನಂದಿಗಳು ಕೈ ಎತ್ತಿದ್ದರು, ಸ್ವಾಮಿ.”

“ಎತ್ತಿದ್ದರಂತೆ. ಯಾಕೆ ಎತ್ತಿದರೆಂದು ಈಗ ಹೇಳುತ್ತಿರುವವರು ನೀವು, ಅವರಲ್ಲ. ತೀರಿಹೋದ ಗುರು ನಾವು ಬಯಸಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ. ಬೇಡ ಅನ್ನುವುದಕ್ಕೆ ಬದುಕಿರುವವನೇ ಬೇಕು.”

ಅವಳು ಆಗ, ಊರವರಿಗೆ ಹೇಳದಿದ್ದುದನ್ನು ಹೇಳಿದಳು. ತನ್ನ ಮಕ್ಕಳ ಹೆಸರು ಎಲ್ಲೂ ಇಲ್ಲ, ತನ್ನ ಕಲ್ಲಿನ ಮೇಲಾದರೂ ಇರಲಿ ಎಂದಳು. ಅದನ್ನು ಕೇಳಿ ಮುನಿಗಳ ಮುಖ ಮೆತ್ತಗಾಯಿತು, ಮಾತು ಮೆತ್ತಗಾಗಲಿಲ್ಲ. ಹಾಗಾದರೆ ನೀವು ಕೇಳುತ್ತಿರುವುದು ಕಲ್ಲನ್ನು, ವ್ರತವನ್ನಲ್ಲ, ಎಂದರು. ಆಮೇಲೆ ಅವಳಿಗೆ ಒಂದು ಕೆಲಸ ಹೇಳಿದರು. ಈ ಕಣಿವೆಯಲ್ಲಿ ನೀರಿಲ್ಲ. ಹೊರೆ ಹೊತ್ತವರು ಬಾಯಾರಿ ಬರುತ್ತಾರೆ. ಕೊಳದಿಂದ ನೀರು ತಂದು ಸೋಸಿ ಅವರಿಗೆ ಕೊಡಿ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅವು ಬಂದ ಕೊಳಕ್ಕೇ ಮರಳಿಸಿ. ಕೈಕಾಲು ಸೋತ ದಿನ ಬನ್ನಿ, ಮತ್ತೆ ಕೇಳಿ.

ಸೋಸುವುದು ಜೈನರ ಮನೆಯಲ್ಲಿ ಯಾರಿಗೂ ಹೊಸದಲ್ಲ. ಗಟ್ಟಿ ಬಟ್ಟೆಯನ್ನು ಎರಡು ಪದರ ಮಾಡಿ ನೀರು ಹಾಯಿಸಿ, ಬಟ್ಟೆಯನ್ನು ಸೋಸಿದ ನೀರಿನಲ್ಲೇ ಜಾಲಾಡಿಸಿ, ಆ ನೀರನ್ನು ತಂದ ಬಾವಿಗೇ ಮೆಲ್ಲಗೆ ಇಳಿಸುತ್ತಾರೆ. ಕಣ್ಣಿಗೆ ಕಾಣದ ಜೀವವಾದರೂ ಅದರ ಮನೆ ತಪ್ಪಿಸಬಾರದು. ಆದರೆ ಸೋಸಿದ ನೀರು ಎರಡು ಗಳಿಗೆ, ಅಂದರೆ ಮುಕ್ಕಾಲು ಗಂಟೆಯಷ್ಟು ಹೊತ್ತು ಮಾತ್ರ ಸಲ್ಲುತ್ತದೆ, ಆಮೇಲೆ ಮತ್ತೆ ಸೋಸಬೇಕು. ಬಾವಿ ಹಿತ್ತಿಲಿನಲ್ಲಿದ್ದರೆ ಇದು ದೊಡ್ಡ ಮಾತಲ್ಲ. ಕೊಳ ಬುಡದಲ್ಲಿ, ದಾರಿಹೋಕರು ನೆತ್ತಿಯಲ್ಲಿ. ನಡುವೆ ಇಷ್ಟೊಂದು ಮೆಟ್ಟಿಲು. ದೊಡ್ಡ ಕೊಡ ಹೊತ್ತು ಹತ್ತಬೇಕು, ಜಾಲಾಡಿಸಿದ ನೀರಿನ ಸಣ್ಣ ಗಡಿಗೆ ಹಿಡಿದು ಇಳಿಯಬೇಕು. ಹತ್ತುವುದು ಮನುಷ್ಯರಿಗಾಗಿ, ಇಳಿಯುವುದು ಹುಳುಗಳಿಗಾಗಿ ಎಂದು ಊರಲ್ಲಿ ನಕ್ಕರು. ಸಾಯಲು ಹೋದವಳು ನೀರು ಹೊರಲು ನಿಂತಳು ಎಂದೂ ಆಡಿಕೊಂಡರು. ಕಾಲು ಮುಟ್ಟಿದ್ದ ಹೆಂಗಸರಿಗೆ ಅವಳ ಮುಖ ನೋಡುವುದು ಕಷ್ಟವಾಯಿತು. ಅವಳೂ ಮನೆಗೆ ಮರಳಲಿಲ್ಲ. ಚಪ್ಪಟೆ ಬಂಡೆಯ ಹಿಂದಿನ ಗವಿಯಲ್ಲಿ ಉಳಿದಳು. ಮಾರಿಸೆಟ್ಟಿಯ ಮನೆಯಿಂದ ವಾರಕ್ಕೊಮ್ಮೆ ಅಕ್ಕಿ ಬೇಳೆ ಬರುತ್ತಿತ್ತು. ತಂದವನು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ.

ಒಮ್ಮೆ ಮಾರಿಸೆಟ್ಟಿಯೇ ಹತ್ತಿ ಬಂದ. ಕಲ್ಲುಕುಟಿಗನಿಗೆ ಬೇರೆ ಕೆಲಸ ಕೊಟ್ಟು ಕಳಿಸಿದೆ ಎಂದ. ಆಮೇಲೆ ಧ್ವನಿ ತಗ್ಗಿಸಿ, ಹೊಳೆಯಾಚೆ ಇನ್ನೊಬ್ಬ ಮುನಿಗಳಿದ್ದಾರೆ, ಕೇಳಿದವರಿಗೆ ಇಲ್ಲ ಅನ್ನುವುದಿಲ್ಲವಂತೆ, ಎರಡು ದಿನದ ದಾರಿ, ಗಾಡಿ ಕಟ್ಟಿಸುತ್ತೇನೆ ಎಂದ. “ಅತ್ತಿಗೆ, ನಮ್ಮ ಅಂಗಳದಲ್ಲಿ ಆಡಿಕೊಂಡಿದ್ದ ಹುಡುಗ ಅವರು. ಅವರ ಮಾತಿಗೆ ನೀವು ಹೀಗೆ ಕೊಡ ಹೊರುವುದೇ?” ಅವಳು ಗಡಿಗೆಯನ್ನು ಬಟ್ಟೆಯಿಂದ ಮುಚ್ಚಿದಳು. “ಹೂಂ ಅನ್ನುವವರು ಸಿಗುವವರೆಗೆ ಕೇಳುತ್ತ ಹೋದರೆ ನಾನು ಯಾರ ಮಾತನ್ನು ಕೇಳಿದ ಹಾಗಾಯಿತು, ಮಾರಯ್ಯ? ನನ್ನ ಮಾತನ್ನೇ ಅಲ್ಲವೇ?” ಅವನು ಮತ್ತೆ ಆ ಸುದ್ದಿ ಎತ್ತಲಿಲ್ಲ, ಮತ್ತೆ ಹತ್ತಿ ಬರಲೂ ಇಲ್ಲ.

ವರ್ಷಗಳು ಹೋದವು. ಉಪ್ಪಿನ ಹೇರಿನವರಿಗೆ ಅವಳ ಪರಿಚಯವಾಯಿತು. ಅವರಲ್ಲೊಬ್ಬ ಬಾಯಾಳಿ, “ಅವ್ವಾ, ಸೋಸುವುದು ಬಿಟ್ಟು ಹಾಗೇ ಹುಯ್ಯಿ. ನನ್ನ ಹೊಟ್ಟೆಯಲ್ಲಿ ಅವಕ್ಕೂ ಜಾಗ ಇದೆ” ಎಂದಾಗ, ಅವಳು ಬಟ್ಟೆ ಬಿಗಿ ಹಿಡಿದುಕೊಂಡೇ, “ನಿನ್ನ ಹೊಟ್ಟೆ ನೋಡಿ ಅವು ಕೇಳಿಕೊಂಡು ಬಂದಿಲ್ಲ, ಸುಮ್ಮನೆ ಕೈ ಒಡ್ಡು” ಎಂದಳಂತೆ. ಅವರು ಕುಡಿಯುವರು, ನಗುವರು, ಎತ್ತುಗಳನ್ನು ಎಬ್ಬಿಸುವರು. ಗಂಟೆಯ ಸದ್ದು ಆಚೆ ಇಳಿಜಾರಿನಲ್ಲಿ ಕರಗಿಹೋಗುವುದು. ಆಮೇಲೆ ಅವಳಿಗೆ ಮಾತಾಡಲು ಬಂಡೆಗಳು. ಹೇರಿನವರು ಬಾರದ ಮಳೆಗಾಲದ ದಿನಗಳಲ್ಲೂ ಅವಳು ನೀರು ತಂದು ಸೋಸಿಟ್ಟು, ಎರಡು ಗಳಿಗೆ ಕಳೆದರೆ ಮತ್ತೆ ಸೋಸಿ, ಯಾರೂ ಕುಡಿಯದ ನೀರಿನ ಜೀವಗಳನ್ನು ಇಳಿದು ಹೋಗಿ ಬಿಟ್ಟುಬರುತ್ತಿದ್ದಳು. ಕೆಲವು ದಿನ ಮನುಷ್ಯರ ಮುಖವನ್ನೇ ಕಾಣದೆ ಸಂಜೆಯಾಗುತ್ತಿತ್ತು. ಕುಮುದಸೇನರು ಮಳೆಗಾಲಕ್ಕೆ ಬಂದ ವರ್ಷ ಅವಳು ಹೋಗಿ ನಮಸ್ಕರಿಸಿ ಕೇಳುವಳು. ಅವರು ಅವಳ ಕೈ ನೋಡುವರು, ಇನ್ನೂ ಇಲ್ಲ ತಾಯಿ ಎನ್ನುವರು. ಹೀಗೆ ಎಷ್ಟು ಸಲ ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಮೊದಲ ಸಲ ಅಳುತ್ತ ಇಳಿದವಳು ಕೊನೆಕೊನೆಗೆ, ಕೇಳಿದ್ದಕ್ಕೆ ಉತ್ತರ ಸಿಕ್ಕಿತಲ್ಲ ಎಂಬಂತೆ ಹಗುರಾಗಿ ಇಳಿಯುತ್ತಿದ್ದಳು ಎನ್ನುತ್ತಾರೆ.

ಕೊನೆಗೆ ಒಂದು ಬೇಸಗೆಯಲ್ಲಿ ಅವಳ ಕೈ ನಡುಗತೊಡಗಿತು. ತುಂಬಿದ ಕೊಡ ಏಳಲಿಲ್ಲ. ಅರ್ಧ ಕೊಡ ಹೊತ್ತಳು, ಮೂರು ಕಡೆ ಕೂತು ಹತ್ತಿದಳು. ಆಹಾರ ಸೇರುತ್ತಿರಲಿಲ್ಲ, ಕಾಲು ಬಾತಿದ್ದವು. ದಿನ ಬಂದಿತ್ತು. ಅವಳು ಮಳೆಗಾಲಕ್ಕಾಗಿ ಕಾದಳು. ಸಂಘವೇನೋ ಬಂತು, ಮುಂದೆ ನಡೆದು ಬಂದವರು ಮಾತ್ರ ಕುಮುದಸೇನರಲ್ಲ. ಅವರು ದಾರಿಯಲ್ಲೆಲ್ಲೋ ತೀರಿಕೊಂಡಿದ್ದರು. ಅವರ ಜಾಗದಲ್ಲಿ ವಿಮಲನಂದಿ ಎಂಬ ಮುನಿಗಳು, ಈ ಕಡೆಯ ಪರಿಚಯವೇ ಇಲ್ಲದವರು, ಅವಳ ಮಗ ಬದುಕಿದ್ದರೆ ಎಷ್ಟಾಗುತ್ತಿತ್ತೋ ಅಷ್ಟು ವಯಸ್ಸಿನವರು.

ಊರವರೂ ಈಗ ಬದಲಾಗಿದ್ದರು. ಅವಳ ಹಿಂದೆಯೇ ಹತ್ತಿ ಬಂದು, ಕೈಕಾಲು ಸೋತ ದಿನ ಕೊಡುತ್ತೇನೆಂದು ಕುಮುದಸೇನರು ಮಾತು ಕೊಟ್ಟಿದ್ದರು, ನಾವೆಲ್ಲ ಸಾಕ್ಷಿ ಎಂದು ಹೇಳಲು ತೊಡಗಿದರು. ಅವಳು ಅವರನ್ನು ಕೈಸನ್ನೆಯಿಂದ ತಡೆದಳು. “ಅವರು ಬಾ ಎಂದಿದ್ದರು, ಮತ್ತೆ ಕೇಳು ಎಂದಿದ್ದರು. ಕೊಡುತ್ತೇನೆ ಎಂದಿರಲಿಲ್ಲ. ಅವರ ಮಾತಿಗೆ ನಾನು ಅರ್ಥ ಹೇಳಬಾರದು.” ಹೊಸ ಮುನಿಗಳ ಕಡೆಗೆ ತಿರುಗಿ, ಮೊದಲ ಸಲ ಕೇಳುವವಳ ಹಾಗೆ ಕೇಳಿದಳು. “ಸ್ವಾಮಿ, ನೀವು ಏನು ಹೇಳುತ್ತೀರಿ?”

ವಿಮಲನಂದಿಗಳು, ನಿಮ್ಮನ್ನು ನಾನು ಇವತ್ತು ನೋಡುತ್ತಿದ್ದೇನೆ, ಒಬ್ಬರ ಕೊನೆಗೆ ಒಪ್ಪಿಗೆ ಕೊಡಲು ಒಂದು ದಿನದ ಪರಿಚಯ ಸಾಲದು ಎಂದರು. ದೀಪಾವಳಿ ಕಳೆಯಲಿ ಎಂದರು. ಊರವರು ಗುಜುಗುಟ್ಟಿದರು. ದೀಪಾವಳಿಗೆ ಇನ್ನೂ ಮೂರೂವರೆ ತಿಂಗಳಿತ್ತು. ಅವಳಲ್ಲಿ ಅಷ್ಟು ದಿನ ಉಳಿದಿಲ್ಲವೆಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಅವಳಿಗೂ ಗೊತ್ತಿತ್ತು. ಬಾಗಿ ನಮಸ್ಕರಿಸಿ, ಗೋಡೆ ಹಿಡಿದವರಂತೆ ಬಂಡೆ ಹಿಡಿದುಕೊಂಡು, ತನ್ನ ಗವಿಗೆ ಹೋದಳು. ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಅರ್ಧ ಕೊಡದ ನೀರು ಹತ್ತುತ್ತಿತ್ತು.

ಆಶ್ವಯುಜದಲ್ಲಿ, ದೀಪಾವಳಿಗೆ ಹನ್ನೆರಡು ದಿನ ಇರುವಾಗ, ಉಪ್ಪಿನ ಹೇರಿನವರು ಕೊಳದ ಹತ್ತಿರ ಅವಳನ್ನು ಕಂಡರು. ಕೊನೆಯ ಮೆಟ್ಟಿಲಿಗೆ ಒರಗಿ ಕುಳಿತಿದ್ದಳು, ಜೀವ ಹೋಗಿತ್ತು. ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳಲು ಯಾರೂ ಇರಲಿಲ್ಲ. ಪಕ್ಕದಲ್ಲಿ ಸಣ್ಣ ಗಡಿಗೆ ಖಾಲಿಯಾಗಿತ್ತು, ಬಟ್ಟೆಯನ್ನು ಜಾಲಾಡಿಸಿ ಹಿಂಡದೆ ಹರವಿದ್ದಳು. ಕೆಲಸ ಮುಗಿದಿತ್ತು. ಸುದ್ದಿ ಕೇಳಿ ಊರೆಲ್ಲ ಬಂತು. ಮುದುಕನಾಗಿದ್ದ ಮಾರಿಸೆಟ್ಟಿ ಮೊದಲ ಬಾರಿಗೆ ಎಲ್ಲರೆದುರು ಅತ್ತ. ಕಲ್ಲು ನಿಲ್ಲಿಸೋಣ, ವ್ರತ ಪಡೆದೇ ಹೋದಳೆಂದು ಬರೆಸೋಣ, ಯಾರು ಕೇಳುತ್ತಾರೆ ಎಂದ. ವಿಮಲನಂದಿಗಳು ಆ ದಿನ, ಮುನಿಗಳು ದಿನಕ್ಕೊಮ್ಮೆ ಕೊಳ್ಳುವ ಆಹಾರಕ್ಕೂ ಹೊರಟಿರಲಿಲ್ಲ. ಅವರು ಹೇಳಿದ್ದು ಇಷ್ಟೇ: “ಜೀವಮಾನವೆಲ್ಲ ಒಪ್ಪಿಗೆ ಇಲ್ಲದೆ ಏನನ್ನೂ ತೆಗೆದುಕೊಳ್ಳದವರು ಅವರು. ಸತ್ತ ಮೇಲೆ ಅವರ ಕೈಯಲ್ಲಿ ಅದನ್ನು ಮಾಡಿಸುವುದು ಬೇಡ.” ಸಾಲಿನಲ್ಲಿ ಕಲ್ಲು ಏಳಲಿಲ್ಲ. ಹೇರಿನವರು ಮಾತ್ರ ಕಣಿವೆಗೆ ಬಂದಾಗ ಆ ಚಪ್ಪಟೆ ಬಂಡೆಯ ಬಳಿ ಎತ್ತು ನಿಲ್ಲಿಸಿ, ಸೋಸುಗಲ್ಲು ಬಂತು ಎನ್ನತೊಡಗಿದರು. ಆಚೆ ಸೀಮೆಯವರು ಅದನ್ನೇ ಗುಡ್ಡದ ಹೆಸರೆಂದುಕೊಂಡರು.

ಈಗಲೂ ಹೋದವರು ನೋಡಬಹುದು. ಸೋಸುಗಲ್ಲಿನ ನೆತ್ತಿಯಲ್ಲಿ ಗಡಿಗೆಯ ತಳ ಕೂರುವಷ್ಟು ಒಂದು ತಗ್ಗಿದೆ, ಬೆರಳಾಡಿಸಿದರೆ ನುಣ್ಣಗಿದೆ. ಮೆಟ್ಟಿಲುಗಳು ನಡುವೆ ಸವೆದಿವೆ. ಕಾತ್ಯಾಯಿನಿ ಆ ತಗ್ಗಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಕತೆಯಲ್ಲಿ ಮೂವರು ಮುನಿಗಳ ಹೆಸರು ಬಂತು, ಮೈದುನನ ಹೆಸರೂ ಬಂತು, ಆ ತಾಯಿಯ ಹೆಸರನ್ನೇ ನೀವು ಹೇಳಲಿಲ್ಲವಲ್ಲ ಎಂದು ಕೇಳಿದರು.

ಧರಣಯ್ಯನವರು ಎದ್ದು ಪಂಚೆಯ ಧೂಳು ಕೊಡವಿಕೊಂಡರು. ಮುನಿಗಳ ಹೆಸರು ಅವರವರ ಕಲ್ಲಿನ ಮೇಲಿದೆ, ಇಲ್ಲೂ ಬೇರೆಡೆಯೂ. ಮಾರಿಸೆಟ್ಟಿ ಬಸದಿಯ ದೀಪಕ್ಕೆ ಎಣ್ಣೆಯ ದತ್ತಿ ಬಿಟ್ಟವನು, ಅವನ ಹೆಸರು ಬಾಗಿಲ ಕಲ್ಲಿನಲ್ಲಿದೆ ಎಂದರು.

“ಅವಳದು ಯಾರಿಗೂ ಗೊತ್ತಿಲ್ಲಮ್ಮ. ಮಕ್ಕಳು ಇಬ್ಬರಿದ್ದರು ಎನ್ನುವುದಷ್ಟೇ ನಮ್ಮವರೆಗೆ ಬಂದಿದೆ. ಅವರ ಹೆಸರೂ ಬಂದಿಲ್ಲ.”