ಉಡಿಗೆ ಬಿದ್ದ ದತ್ತೂರಿ

ಪೂಜ್ಯ ಚಿದ್ಘನ ಶಿವಯೋಗಿಗಳು ಆ ವರ್ಷ ಕರಿಸಿದ್ದಾಪುರದ ನೇಕಾರರ ಓಣಿಯಲ್ಲಿ, ತಗಡಿನ ಮಾಡಿನ ಒಂದು ಕೋಣೆಯಲ್ಲಿ ತಂಗಿದ್ದರು. ಒಂದು ಸೋಮವಾರ ಮುಂಜಾನೆ ಅವರು ತಮ್ಮ ಕಾವಿಯನ್ನು ತಾವೇ ಒಗೆದು ಹಿಂಡುತ್ತಿದ್ದಾಗ ನೇಕಾರ ಗುರುಪಾದಪ್ಪ ಓಡಿಬಂದ.

“ಅಜ್ಜಾರ, ನನ್ನ ಹೇಣ್ತಿ ಮೈಮ್ಯಾಲೆ ಈಶ್ವರ ಬಂದಾನ್ರಿ! ನೀವು ಬಂದು ಮಾತಾಡಿಸ್ರಿ.”

ಆತನ ಮುಖದಲ್ಲಿ ಹೆದರಿಕೆಗಿಂತ ಹಿಗ್ಗೇ ಹೆಚ್ಚಿತ್ತು. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದೆ ಬಂಜಿ ಎನಿಸಿಕೊಂಡಿದ್ದ ಆತನ ಹೆಂಡತಿ ನಿಂಬೆವ್ವನಿಗೆ ಅಂದು ಇಡೀ ಓಣಿ ಕೈಮುಗಿದು ನಿಂತಿತ್ತು. ಆಕೆ ಗಾಳಿಯಲ್ಲಿ ಏನನ್ನೋ ಹಿಡಿಯುತ್ತ, ತೊದಲುತ್ತ ಕುಳಿತಿದ್ದಳು. ಜನ ಆ ತೊದಲಿಗೆ ಅರ್ಥ ಹಚ್ಚುತ್ತಿದ್ದರು. ಒಬ್ಬನಂತೂ ಕಳೆದುಹೋದ ಎಮ್ಮೆ ಯಾವ ದಿಕ್ಕಿಗಿದೆ ಎಂದು ಕೇಳುತ್ತಿದ್ದ. ದೇವರೇ ಬಂದರೂ ನಮಗೆ ಎಮ್ಮೆಯ ಚಿಂತೆ ತಪ್ಪದು.

ಆತನ ಮನೆಗೆ ಬಂದ ಶಿವಯೋಗಿಗಳು ಆರತಿ ತಟ್ಟೆಯನ್ನು ಸರಿಸಿ ಆಕೆಯ ಎದುರು ಕುಳಿತರು. ಬಿಸಿಲಿಗೂ ಕಿರಿದಾಗದ ಕಣ್ಣಿನ ಪಾಪೆ, ಒಣಗಿದ ನಾಲಿಗೆ. ಹಣೆ ಮುಟ್ಟಿದರೆ ಹನಿ ಬೆವರಿಲ್ಲ, ಕಾದ ಹಂಚಿನಂತೆ ಸುಡುತ್ತಿತ್ತು.

“ಏನ ತಿಂದಾಳ?” ಎಂದು ಕೇಳಿದರು.

ಅತ್ತೆ ಹೇಳಿದಳು: “ಪೂಜಾರಿ ಲಿಂಗದ ಮ್ಯಾಲಿನ ದತ್ತೂರಿ ಕಾಯಿ ಉಡಿಯಾಗ ಹಾಕಿದ್ರಿ. ಸಂತಾನಫಲ ಅಂತ ಬೀಜಾನೂ ಬಿಡದ ತಿಂದಾಳ.”

“ಇದು ದೇವರಲ್ಲ, ವಿಷ. ಗಾಡಿ ತರ್ರಿ, ದವಾಖಾನಿಗೆ ಒಯ್ಯೋಣು.”

“ಶಿವನ ನೆತ್ತಿ ಮ್ಯಾಲಿಂದು ವಿಷ ಹೆಂಗಾಕ್ಕೈತ್ರಿ?” ಎಂದ ಪೂಜಾರಿ. ಜನ ಹೌದೆಂದು ತಲೆಯಾಡಿಸಿದರು. ದೇವರು ಬಂದ ಮೈಯನ್ನು ದವಾಖಾನೆಗೆ ಹೊತ್ತರೆ ಮನೆತನ ಉಳಿದೀತೇ ಎಂದು ಗುರುಪಾದಪ್ಪ ಹಿಂಜರಿದ. ಅಷ್ಟರಲ್ಲಿ ನಿಂಬೆವ್ವನ ತೊದಲೂ ನಿಂತು ಕತ್ತು ವಾಲಿತು.

ಶಿವಯೋಗಿಗಳು ಎದ್ದು ನಿಂತರು.

“ವಿಷ ಶಿವಗ ಕೊಡೋದು ನಾವು ತಿನಬಾರದಂತ. ಕೊಟ್ಟದ್ದನ್ನ ತಿರುಗಿ ತಗೊಂಡ್ರ ಅದು ಪ್ರಸಾದ ಹೆಂಗಾದೀತು? ಶಿವ ಸಿಟ್ಟಾದ್ರ ನನ್ನ ಮ್ಯಾಲೆ ಆಗಲಿ. ಹೊರು ಆಕೀನ್ನ.”

ಗುರುಪಾದಪ್ಪ ಹೊತ್ತು ಗಾಡಿಗೇರಿಸಿದ. ತಾಲೂಕಿನ ದವಾಖಾನೆಯಲ್ಲಿ ಹೊಟ್ಟೆ ತೊಳೆದರು, ಮೈಗೆ ತಣ್ಣೀರು ಬಟ್ಟೆ ಹಾಕಿದರು, ಪ್ರತಿವಿಷದ ಇಂಜೆಕ್ಷನ್ ಕೊಟ್ಟರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ಶಿವಯೋಗಿಗಳು ಮಂತ್ರ ಹೇಳಲಿಲ್ಲ, ವಿಭೂತಿ ಹಚ್ಚಲಿಲ್ಲ. ಹೊರಗಿನ ಬೆಂಚಿನ ಮೇಲೆ ಸುಮ್ಮನೆ ಕುಳಿತರು. ಪವಾಡ ನೋಡಲು ಬೆನ್ನುಹತ್ತಿ ಬಂದಿದ್ದವರು ಬೇಸತ್ತು ಊರ ದಾರಿ ಹಿಡಿದರು.

ಮರುದಿನ ಮಧ್ಯಾಹ್ನ ಗುರುಪಾದಪ್ಪ ವಾರ್ಡಿನಿಂದ ಹೊರಬಂದು ಅಳುತ್ತ ಅವರ ಪಾದಕ್ಕೆ ಬಿದ್ದ.

“ಅಜ್ಜಾರ, ಈಗ ದೇವ್ರು ಮಾತಾಡಿತ್ರಿ.”

“ಏನಂತ?”

“ಕಣ್ಣ ತೆಗೆದು ನನಗ, ‘ನಿಮ್ಮ ಊಟ ಆತೇನು’ ಅಂತ.”